ಗೀಸರ್ ಆಫ್ ಮಾಡಿದ್ವಾ?

ಶೆಟ್ಟಿಹಳ್ಳಿಯಲ್ಲಿ ನನ್ನದೊಂದು ಗೀಸರ್ ರಿಪೇರಿ ಅಂಗಡಿ. ಚಳಿ ಶುರುವಾದರೆ ಜನ ನನ್ನನ್ನು ಹುಡುಕುವುದು ಗೀಸರ್ ಕೆಟ್ಟಿದೆ ಅಂತ ಮಾತ್ರ ಅಲ್ಲ. ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಪರಊರಿಗೆ ಹೋಗುವವರ ತಲೆಯಲ್ಲಿ ಒಂದು ಹುಳ ಸೇರಿಕೊಳ್ಳುತ್ತದೆ: ಗೀಸರ್ ಆಫ್ ಮಾಡಿದ್ವಾ, ಇಲ್ವಾ? ಆ ಹುಳ ತೆಗೆಯುವ ಕೆಲಸವೂ ನನ್ನದೇ. ಇಪ್ಪತ್ತು ವರ್ಷವಾಯಿತು, ಒಂದು ಧನುರ್ಮಾಸವೂ ಸುಮ್ಮನೆ ಕಳೆದಿಲ್ಲ.

ಒಂಟಿ ಸೀನು

ಒಂದು ಕುಟುಂಬ ಎರಡು ತಿಂಗಳ ಮಟ್ಟಿಗೆ ಹುಬ್ಬಳ್ಳಿಗೆ ಹೊರಟಿತ್ತು. ಯಶವಂತಪುರದಲ್ಲಿ ರೈಲು. ಕಾರು ಅರ್ಧ ದಾರಿ ಹೋದಮೇಲೆ ಯಜಮಾನರಿಗೆ ಹುಳ ಕಡಿಯಿತು. ತಿರುಗಿ ಬಂದು ಮನೆ ಮುಂದೆ ನಿಂತರು. ಆದರೆ ಅವರ ಹೆಂಡತಿ ಯಾರನ್ನೂ ಇಳಿಯಲು ಬಿಡಲಿಲ್ಲ. ಪ್ರಯಾಣಕ್ಕೆ ಹೊರಟ ಕಾಲನ್ನು ತಿರುಗಿ ಒಳಗೆ ಇಡಬಾರದಂತೆ. ನನಗೆ ಫೋನ್ ಮಾಡಿ ಕರೆಸಿ, "ನೀವು ಹೋದ್ರೆ ದೋಷ ಇಲ್ಲ" ಎಂದು ಕಾರಿನ ಕಿಟಕಿಯಿಂದಲೇ ಕೀ ಕೊಟ್ಟರು.

ಹೋಗಿ ನೋಡಿದೆ. ಗೀಸರ್ ಆಫ್ ಆಗಿತ್ತು. "ನೆಮ್ಮದಿಯಾಗಿ ಹೋಗ್ಬನ್ನಿ ಅಮ್ಮ" ಅಂದೆ. ಎಲ್ಲರ ಮುಖ ಅರಳಿತು. ಅಷ್ಟರಲ್ಲಿ ಚಳಿಗಾಳಿಗೋ ಏನೋ, ನನಗೊಂದು ಸೀನು ಬಂತು. ಒಂದೇ ಒಂದು.

ಡ್ರೈವರ್ ತಾನಾಗಿಯೇ ಇಂಜಿನ್ ನಿಲ್ಲಿಸಿದ. ಹೊರಡುವಾಗ ಒಂಟಿ ಸೀನು ಅಪಶಕುನ, ಎರಡಾದರೆ ತೊಂದರೆಯಿಲ್ಲ. ಯಜಮಾನರು ಗಡಿಯಾರ ನೋಡುತ್ತಾ, "ಇನ್ನೊಂದು ಸೀನ್ರೀ, ಪ್ಲೀಸ್, ಟ್ರೈನ್ ಹೋಗ್ಬಿಡುತ್ತೆ" ಎಂದು ಅಂಗಲಾಚಿದರು. ಬೇಕೆಂದಾಗ ಬರಬೇಕಲ್ಲ! ಸೂರ್ಯನ ಕಡೆ ಮುಖ ಮಾಡಿ ನಿಂತೆ. ಅವರ ಮಗಳು ಕರ್ಚೀಫಿನ ತುದಿ ಹೊಸೆದು ಕೊಟ್ಟಳು, ಅದನ್ನು ಮೂಗಿಗೆ ತೂರಿಸಿಕೊಂಡೆ. ಅಂತೂ ಎರಡನೆಯದು ಬಂತು, ಕಾರು ಹೊರಟಿತು.

ಗೀಸರ್ ನೋಡಲು ಎಷ್ಟೋ ಜನ ಕರೆದಿದ್ದಾರೆ. ಸೀನಿದ್ದಕ್ಕೆ ಥ್ಯಾಂಕ್ಸ್ ಹೇಳಿದವರು ಅವರೊಬ್ಬರೇ.

ತುಕ್ಕು ಹಿಡಿಯಬಾರದು

ತಣಿಸಂದ್ರದ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, ಒಂಟಿ ಜೀವ. ಚಳಿಗಾಲ ಕಳೆಯಲು ತಂಗಿ ಮನೆಗೆ ಹೊರಟಾಗ ಪಕ್ಕದ ಮನೆಯವರಿಗೆ ಕೀ ಕೊಟ್ಟು, "ನೀರು ನಿಂತು ಗೀಸರ್ ತುಕ್ಕು ಹಿಡಿಯುತ್ತೆ, ಆಗಾಗ ಹಾಕ್ತಿರಿ" ಅಂದರು.

ಪಕ್ಕದ ಮನೆಯವರು ಪಾಪ, ಒಳ್ಳೆಯ ಜನ. ಕಾಸಿದ ನೀರನ್ನು ಚೆಲ್ಲಲು ಮನಸ್ಸಾಗದೆ ಅಲ್ಲೇ ಸ್ನಾನ ಶುರು ಮಾಡಿದರು. ಮೊದಲು ಅಜ್ಜಿ, ಆಮೇಲೆ ಮಕ್ಕಳು, ಆಮೇಲೆ ಮದುವೆಗೆ ಬಂದ ನೆಂಟರು. ಕಾಯಿಲ್ ಸುಟ್ಟುಹೋಗಿ ನನ್ನನ್ನು ಕರೆದರು. ನಾನು ಹೊಸ ಕಾಯಿಲ್ ಹಾಕಿ ಎದ್ದು ನಿಂತಿದ್ದೆನಷ್ಟೆ, ಮೇಷ್ಟ್ರು ಹೇಳದೆ ಕೇಳದೆ ಬಂದು ಬೆಲ್ ಮಾಡಿದರು. ಬಾಗಿಲು ತೆಗೆದದ್ದು ಸೊಂಟಕ್ಕೆ ಟವೆಲ್ ಸುತ್ತಿಕೊಂಡಿದ್ದ ಒಬ್ಬ ನೆಂಟ.

"ಯಾರ್ ಬೇಕಿತ್ತು?"

"ನಾನು... ಈ ಮನೆಯವನು."

"ಓ, ಬನ್ನಿ ಬನ್ನಿ, ಕೂತ್ಕೊಳ್ಳಿ. ನಂದಾದ್ಮೇಲೆ ಇನ್ನಿಬ್ರಿದ್ದಾರೆ, ಆಮೇಲೆ ನಿಮ್ದೇ."

ಕಾಶಿಯಲ್ಲಿ ಬಿಟ್ಟದ್ದು

ಯಲಹಂಕದಲ್ಲಿ ನನಗೆ ಬಹಳ ಬೇಕಾದ ಗಂಡ ಹೆಂಡತಿ ಇದ್ದಾರೆ. ಆಕೆಗೆ ಕಾಶಿಗೆ ಹೋಗುವ ಆಸೆ ಹನ್ನೆರಡು ವರ್ಷದ್ದು. ಪ್ರತಿಸಲವೂ ಗಂಡ ಮನೆ ಬಿಟ್ಟು ಹೋಗಲು ಹೆದರಿ ಟಿಕೆಟ್ ಕ್ಯಾನ್ಸಲ್ ಮಾಡಿಸುತ್ತಿದ್ದರು. ಈ ಸಲ ಆಕೆ ಹಠ ಹಿಡಿದು ಒಂದು ತಿಂಗಳಿಗೆಂದು ಹೊರಡಿಸಿದರು. ಕೀ ನನ್ನ ಹತ್ತಿರ ಕೊಟ್ಟರು.

ಕಾಶಿ ತಲುಪಿದ ದಿನವೇ ಗಂಡನ ಫೋನ್. ಹೋಗಿ, ಆಫ್ ಆಗಿದ್ದ ಸ್ವಿಚ್ಚಿನ ಫೋಟೋ ಕಳಿಸಿದೆ. ಮಾರನೆಯ ದಿನ, "ಆ ಫೋಟೋ ನಿನ್ನೇದಲ್ವಾ? ಇವತ್ತು ಹೇಗಿದೆಯೋ!" ಅಂದರು. ಮೂರನೆಯ ದಿನ ವಿಡಿಯೋ ಕಾಲ್‌ನಲ್ಲೇ ತೋರಿಸಿದೆ. "ಆಫ್ ಏನೋ ಇದೆ. ಆದ್ರೂ ಕರೆಂಟನ್ನ ನಂಬೋ ಹಾಗಿಲ್ಲ ಕಣ್ರೀ" ಅಂದರು.

ನಾಲ್ಕನೆಯ ದಿನ ಫೋನ್ ಮಾಡಿದ್ದು ಆಕೆ. "ನಾಳೆಗೇ ವಾಪಸ್ ಹೋಗೋಣ ಅಂತಿದ್ದಾರಪ್ಪ. ಗಂಗೇಲಿ ಮುಳುಗಿ ಎದ್ದವರು ಮೊದಲು ಅಂದಿದ್ದೇ 'ಗೀಸರ್' ಅಂತ. ಏನಾದ್ರೂ ಮಾಡಪ್ಪ."

ನೇರ ಅವರ ಮನೆಗೆ ಹೋದೆ. ನೀರು ಬಸಿದು, ಪೈಪ್ ಬಿಚ್ಚಿ, ಗೀಸರನ್ನೇ ಗೋಡೆಯಿಂದ ಇಳಿಸಿ ಸ್ಕೂಟರಿನಲ್ಲಿ ಅಂಗಡಿಗೆ ತಂದೆ. ನನ್ನ ಮೇಜಿನ ಮೇಲೆ ಕೂರಿಸಿ ಫೋಟೋ ಕಳಿಸಿ, "ಸಾರ್, ಈಗ ನಿಮ್ಮನೇಲಿ ಗೀಸರ್ರೇ ಇಲ್ಲ" ಅಂದೆ.

ಫೋಟೋ ದೊಡ್ಡದು ಮಾಡಿ ನೋಡಿದರೇನೋ. ಆಮೇಲೆ, "ನಿಮ್ಮಂಗಡೀಲಿ ಅದರ ಪ್ಲಗ್ ಹಾಕಿಲ್ಲ ತಾನೆ?"

ಅದೇ ಕೊನೆಯ ಫೋನ್. ತಿಂಗಳು ಪೂರ್ತಿ ಇದ್ದು ಬಂದರು. ಆಕೆಯ ಮುಖ ನೋಡಿ ನಾನೇ ಯಾತ್ರೆ ಮುಗಿಸಿ ಬಂದಷ್ಟು ಖುಷಿಯಾಯಿತು. ಗೀಸರ್ ವಾಪಸ್ ಕೂರಿಸೋಣ ಎಂದು ಹೊತ್ತುಕೊಂಡು ಹೋದರೆ, ಮಂಕಿ ಕ್ಯಾಪ್ ಹಾಕಿಕೊಂಡು ನಡುಗುತ್ತಿದ್ದ ಗಂಡ ಬಾಗಿಲಲ್ಲೇ ತಡೆದರು. "ಬೇಡ ಕಣ್ರೀ. ಅದನ್ನ ಕಾಶೀಲಿ ಬಿಟ್ಟುಬಂದೆ."

ಕಾಶಿಗೆ ಹೋದವರು ತಮಗಿಷ್ಟವಾದ ಒಂದು ಪದಾರ್ಥ ಬಿಟ್ಟು ಬರುವುದು ವಾಡಿಕೆ. ಬುದ್ಧಿವಂತರು ಹಾಗಲಕಾಯಿ ಬಿಟ್ಟು ಬರುತ್ತಾರೆ. ಗೀಸರ್ ಬಿಟ್ಟವರನ್ನು ನಾನು ಕಂಡಿರಲಿಲ್ಲ.

"ಏನಮ್ಮ ಇದು?" ಅಂದೆ.

"ಇಷ್ಟವಾದದ್ದನ್ನೇ ಬಿಡ್ಬೇಕು ಅಂದ್ರಪ್ಪ ಅಲ್ಲಿ. ಇವರು ಮೂರು ಹೊತ್ತೂ ನೆನೆಸ್ಕೊಂಡಿದ್ದು ಅದೊಂದನ್ನೇ. ಬಿಡಿಸಿದೆ."

ಗಂಡ ಅಂಗೈ ಉಜ್ಜಿಕೊಳ್ಳುತ್ತಾ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಸೋಲಾರ್ ಹಾಕಿಸಿದ್ರೆ ಪಾಪ ಬರುತ್ತೇನ್ರೀ?"

ಆಕೆಗೆ ಕೇಳಿಸಿಯೇಬಿಟ್ಟಿತು.

"ಇವತ್ತೇ ಹಾಕ್ಬಿಡಪ್ಪ. ಮುಂದಿನ ವರ್ಷ ರಾಮೇಶ್ವರಕ್ಕೆ ಹೋಗ್ಬೇಕು. ಸೂರ್ಯನ ಸ್ವಿಚ್ ನಮ್ಮನೇಲಿಲ್ಲ."