ಕತ್ತಿನಿಂದ ಕೆಳಗೆ

ಫೋಟೊ ತೆಗೆಯುವವನ ಹತ್ತಿರ ಜನ ಫೋಟೊಗಿಂತ ಹೆಚ್ಚಾಗಿ ಸಲಹೆ ಕೇಳುತ್ತಾರೆ. ಯಾವ ಕ್ಯಾಮೆರಾ ತಗೊಳ್ಳಲಿ, ಯಾವ ಲೆನ್ಸ್ ವಾಸಿ, ಮೊಬೈಲಿನಲ್ಲೇ ಇಷ್ಟು ಚೆನ್ನಾಗಿ ಬರುವಾಗ ನೀವ್ಯಾಕೆ ಬೇಕು, ಹೀಗೆ. ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ಇಪ್ಪತ್ತೈದು ವರ್ಷದಿಂದ ಸ್ಟುಡಿಯೊ ನಡೆಸುತ್ತಿರುವ ನಾನು ಸಲಹೆ ಕೇಳಿದ ಯಾರನ್ನೂ ಬರಿಗೈಯಲ್ಲಿ ಕಳಿಸಿದವನಲ್ಲ. ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಬೇಡಿ, ಅಂಗಿಯಲ್ಲಿರುವ ಧೂಳೇ ಗೀರುತ್ತದೆ. ಫ್ಲ್ಯಾಶನ್ನು ನೇರ ಮುಖಕ್ಕೆ ಹೊಡೆಯಬೇಡಿ, ಚಾವಣಿಗೆ ತಿರುಗಿಸಿ, ಬೆಳಕು ತಾನಾಗಿ ಮೆತ್ತಗೆ ಇಳಿಯುತ್ತದೆ; ಮೇಲೆ ಕೆಂಪು ಶಾಮಿಯಾನ ಇದ್ದರೆ ಮಾತ್ರ ಹಾಗೆ ಮಾಡಬೇಡಿ, ಮದುಮಗ ಟೊಮೆಟೊ ಆಗುತ್ತಾನೆ. ಮದುವೆಮನೆಯಲ್ಲಿ ಮೊದಲ ಪಂಕ್ತಿಯಲ್ಲೇ ಉಂಡುಬಿಡಿ, ಆಮೇಲೆ ನಿಮ್ಮನ್ನು ಕರೆಯುವವರಿರುವುದಿಲ್ಲ. ತೆಗೆದ ಫೋಟೊಗಳನ್ನು ಎರಡು ಕಡೆ ಇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯವರ ಒಂದು ಒಳ್ಳೆಯ ಫೋಟೊವನ್ನು ಅವರು ಚೆನ್ನಾಗಿರುವಾಗಲೇ ತೆಗೆದಿಡಿ. ಈ ಕೊನೆಯ ಸಲಹೆಯನ್ನು ನಾನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕೊಡುವಾಗೆಲ್ಲ ನನ್ನ ಹೆಂಡತಿ ಮಂಜುಳ ಕೌಂಟರಿನ ಹಿಂದೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಹೋದ ವರ್ಷ ಅವಳು ತೀರಿಕೊಂಡಳು. ಹನ್ನೊಂದನೇ ದಿನದ ತಿಥಿಯಲ್ಲಿ ಹಾರ ಹಾಕಿ ಇಡಲು ಅವಳದೊಂದು ಫೋಟೊ ನನ್ನ ಹತ್ತಿರ ಇರಲಿಲ್ಲ.

ನಂಬುವುದು ಕಷ್ಟ ಎಂದು ಗೊತ್ತು. ನನ್ನ ನಾದಿನಿ ರತ್ನ, ಮಂಜುಳಳ ತಂಗಿ, ಭೇರ್ಯದಿಂದ ಬಂದವಳು ಮೊದಲು ನಂಬಲೇ ಇಲ್ಲ. "ಅದೆಂಗೆ ಭಾವ? ಕಂಡೋರ ಮನೆ ಕೂಸಿನ ಕಿವಿ ಚುಚ್ಚಿದ್ದೆಲ್ಲ ನಿಮ್ಮ ಡಬ್ಬೀಲಿ ಅದೆ, ನಮ್ಮಕ್ಕ ಇಲ್ವಾ?" ಎಂದಳು. ಡಬ್ಬಿ ಎಂದರೆ ಹಾರ್ಡ್ ಡಿಸ್ಕು. ಇರಲಿಲ್ಲ. ನಮ್ಮ ಮದುವೆಯ ಆಲ್ಬಮ್ಮಿಗೆ ಗೆದ್ದಲು ಹಿಡಿದು ವರ್ಷಗಳಾಗಿವೆ. ಉಳಿದ ನಾಲ್ಕು ಫೋಟೊಗಳಲ್ಲಿ ಅವಳು ತಲೆ ತಗ್ಗಿಸಿಕೊಂಡಿದ್ದಾಳೆ, ಬೈತಲೆ ಸ್ಪಷ್ಟವಾಗಿ ಕಾಣುತ್ತದೆ. ಆಧಾರ್ ಕಾರ್ಡಿನ ಮುಖವನ್ನು ಅವಳೇ ತನ್ನದೆಂದು ಒಪ್ಪಿರಲಿಲ್ಲ. ನಮಗೆ ಮಕ್ಕಳಿಲ್ಲ, ಹಾಗಾಗಿ ಹುಟ್ಟುಹಬ್ಬದ ಫೋಟೊಗಳೂ ಇಲ್ಲ. ನೆಂಟರ ಮದುವೆಗಳಿಗೆ ಹೋದರೂ ನಾನು ಕ್ಯಾಮೆರಾ ಹಿಡಿದಿರುತ್ತಿದ್ದೆ, ಅವಳು ಮದುಮಗಳ ಸೆರಗು ಸರಿಮಾಡಿ ಚೌಕಟ್ಟಿನಿಂದ ಆಚೆಗೆ ಓಡುತ್ತಿದ್ದಳು. ಓಡಲು ತಡವಾದರೆ "ಏ, ಆಚೆ ಸರಿ" ಎಂದು ನಾನೇ ಕೂಗುತ್ತಿದ್ದೆ. ಅವಳು ಸರಿಯುತ್ತಿದ್ದಳು.

ಇಲ್ಲಿ ನನ್ನ ಕಸುಬಿನ ಇನ್ನೊಂದು ವಿಷಯ ಹೇಳಬೇಕು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮನೆಯವರು ತಿಥಿಯ ಹೊತ್ತಿಗೆ ಸ್ಟುಡಿಯೊಗೆ ಓಡಿಬರುತ್ತಾರೆ. ಕೈಯಲ್ಲಿ ವೋಟರ್ ಕಾರ್ಡೋ, ಗುಂಪು ಫೋಟೊದಲ್ಲಿ ಬೆರಳುಗುರಿನಷ್ಟು ಮುಖವೋ ಇರುತ್ತದೆ. "ಗೋಡೆಗೆ ಹಾಕೋ ಅಂಗೆ ಮಾಡ್ಕೊಡಿ ಸಾ" ಎನ್ನುತ್ತಾರೆ. ಅದಕ್ಕಾಗಿ ಸ್ಟುಡಿಯೊದವರೆಲ್ಲ 'ರೆಡಿ ಬಾಡಿ' ಇಟ್ಟುಕೊಂಡಿರುತ್ತೇವೆ. ಅಂದರೆ ತಲೆಯಿಲ್ಲದ ಮೈ. ಗಂಡಸರಿಗೆ ಕೋಟು, ಹೆಂಗಸರಿಗೆ ರೇಷ್ಮೆ ಸೀರೆ. ಬದುಕಿಡೀ ಪಂಚೆ ಮೇಲೆ ಟವೆಲ್ ಹಾಕಿದವರು ನನ್ನ ಕಂಪ್ಯೂಟರಿನಲ್ಲಿ ಕೋಟು ತೊಟ್ಟು ಗೋಡೆ ಹತ್ತಿದ್ದಾರೆ. ಹೆಂಗಸರಿಗೆ ನನ್ನ ಹತ್ತಿರ ಇದ್ದದ್ದು ಮುಖ್ಯವಾಗಿ ಒಂದೇ ಮೈ, ಮರೂನ್ ಸೀರೆಯದು. ಕಂಪ್ಯೂಟರ್ ಹೊಸದಾಗಿ ತಂದಿದ್ದಾಗ ಕಟ್ಟೆಮಳಲವಾಡಿಯಿಂದ ಒಬ್ಬರು ಅವ್ವನ ವೋಟರ್ ಕಾರ್ಡ್ ಹಿಡಿದು ಬಂದಿದ್ದರು, ಅವರಿಗಾಗಿ ಹೇಗೋ ಅದನ್ನು ಹೊಂದಿಸಿದ್ದೆ. ಮೈ ಚೆನ್ನಾಗಿ ಬಂದಿತ್ತು. ಭುಜ ನೆಟ್ಟಗೆ, ಸೆರಗಿನ ಮಡಿಕೆ ಒಂದೂ ಮುರಿದಿಲ್ಲ. ಕಷ್ಟವಿದ್ದದ್ದು ಕತ್ತಿನಲ್ಲಿ. ಬೇರೆಯವರ ತಲೆಯನ್ನು ಆ ಕತ್ತಿಗೆ ಕೂರಿಸಲು ಬಣ್ಣ ತಿದ್ದಬೇಕು, ನೆರಳು ಸೇರಿಸಬೇಕು, ಕೊನೆಗೆ ಸಂದು ಮುಚ್ಚಲು ಒಂದು ಸರ ಹಾಕಬೇಕು. ಇಪ್ಪತ್ತೆರಡು ವರ್ಷ ಹೀಗೆ ಮಾಡಿದೆ. ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ, ಕೆ.ಆರ್. ನಗರದವರೆಗೆ, ತೀರಿಕೊಂಡ ಎಷ್ಟೋ ತಾಯಂದಿರು ಒಂದೇ ಮರೂನ್ ಸೀರೆಯಲ್ಲಿ ಗೋಡೆಯ ಮೇಲಿದ್ದಾರೆ. ಪಕ್ಕದ ಮನೆಯವರು ಗುರುತಿಸಬಾರದೆಂದು ಅಂಚನ್ನು ಒಮ್ಮೊಮ್ಮೆ ಹಸಿರು ಮಾಡುತ್ತಿದ್ದೆ. ಅದನ್ನು ಕಲೆ ಎಂದುಕೊಂಡಿದ್ದೆ.

ಒಮ್ಮೆ ರಾವಂದೂರಿನಲ್ಲಿ ದೂರದ ನೆಂಟರೊಬ್ಬರ ತಿಥಿಗೆ ನಾವಿಬ್ಬರೂ ಹೋಗಿದ್ದೆವು. ಅಲ್ಲಿನ ಅಜ್ಜಿಯ ಫೋಟೊ ನನ್ನದೇ ಕೆಲಸ, ಮರೂನ್ ಸೀರೆ. ಮಂಜುಳ ಫೋಟೊದ ಮುಂದೆ ಕೈಮುಗಿದು ನಿಂತವಳು ಇದ್ದಕ್ಕಿದ್ದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕುತ್ತಿತ್ತು. ಅತ್ತಳೆಂದು ಪಕ್ಕದವರು ನೀರು ತಂದುಕೊಟ್ಟರು. ನನಗೆ ಗೊತ್ತಾಯಿತು, ಅವಳು ನಗುತ್ತಿದ್ದಳು. ಹೊರಗೆ ಬಂದ ಮೇಲೆ, "ಸತ್ತೋರ ಮನೇಲಿ ಅದೆಂಥ ನಗು?" ಎಂದು ಗದರಿದೆ. "ನಂಗೆ ನಾನೇ ಕೈ ಮುಗಿದಂಗಾಯ್ತು ಕಣ್ರೀ" ಎಂದಳು. ನಾನು ಅದನ್ನು ವೇದಾಂತ ಎಂದುಕೊಂಡೆ. ನಲವತ್ತು ದಾಟಿದ ಮೇಲೆ ಹೆಂಗಸರಿಗೆ ಹೀಗೆಲ್ಲ ತೋಚುತ್ತದೆ ಎಂದುಕೊಂಡು ಬೈಕು ಶುರು ಮಾಡಿದೆ.

ತಿಥಿಗೆ ಎರಡು ದಿನ ಇರುವಾಗ ಹಳೆಯ ಮೆಮೊರಿ ಕಾರ್ಡುಗಳನ್ನೆಲ್ಲ ಡಬ್ಬದಿಂದ ಸುರಿದುಕೊಂಡು ಕೂತೆ. ಸ್ಟುಡಿಯೊದ ದೀಪದ ಬಣ್ಣ ಸರಿಯಾಗಿ ಬರಬೇಕಾದರೆ ಮೊದಲು ಒಂದು ಬಿಳಿ ಹಾಳೆಯ ಫೋಟೊ ತೆಗೆದು ಕ್ಯಾಮೆರಾಕ್ಕೆ ತೋರಿಸಬೇಕು, ಇದು ಬಿಳಿ ಎಂದು ಅದಕ್ಕೆ ತಿಳಿಯಬೇಕು. ಆ ಹಾಳೆ ಹಿಡಿದು ನಿಲ್ಲುವ ಕೆಲಸ ಮಂಜುಳಳದು. ಗಿರಾಕಿ ತಲೆ ಬಾಚಿಕೊಳ್ಳುತ್ತಿರುವಾಗ ಅವಳು ಹಾಳೆ ಹಿಡಿದು ನಿಲ್ಲುವಳು, ನಾನು ಕ್ಲಿಕ್ ಮಾಡಿ, ನೋಡಿ, ಅಳಿಸಿಬಿಡುವೆ. ಜಾಗ ಉಳಿಸಲು. ಅಂದರೆ ನಾನು ಅತಿ ಹೆಚ್ಚು ಫೋಟೊ ತೆಗೆದದ್ದು ನನ್ನ ಹೆಂಡತಿಯದನ್ನೇ. ಅತಿ ಹೆಚ್ಚು ಅಳಿಸಿದ್ದೂ ಅವಳದನ್ನೇ. ಕಾರ್ಡ್ ಹಾಳಾಯಿತೆಂದು ಈಚೆಗಷ್ಟೇ ಎಸೆಯಲು ಇಟ್ಟಿದ್ದ ಒಂದರಲ್ಲಿ ಮಾತ್ರ ಒಂದು ಉಳಿದಿತ್ತು. ಗಲ್ಲದ ಕೆಳಗೆ ಬಿಳಿ ಹಾಳೆ, ಮೇಲೆ ಅವಳ ಮುಖ, ಏನೋ ಹೇಳಲು ಹೊರಟ ಬಾಯಿ. ಮುಖ ಚೆನ್ನಾಗಿತ್ತು. ಮೈ ಪೂರ್ತಿ ಹಾಳೆಯ ಹಿಂದಿತ್ತು.

ಬೇರೆ ದಾರಿ ಇರಲಿಲ್ಲ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಮರೂನ್ ಸೀರೆಯನ್ನು ತೆರೆದೆ. ಅವಳ ಮುಖವನ್ನು ಕತ್ತರಿಸಿ ತಂದು ಆ ಕತ್ತಿನ ಮೇಲೆ ಇಟ್ಟೆ. ಬಣ್ಣ ತಿದ್ದಲು ಕೈ ಹಾಕಿದೆ, ತಿದ್ದುವುದೇನೂ ಇರಲಿಲ್ಲ. ಭುಜ ಎತ್ತರಿಸಬೇಕಿರಲಿಲ್ಲ, ತಗ್ಗಿಸಬೇಕಿರಲಿಲ್ಲ, ಸಂದೇ ಇರಲಿಲ್ಲ. ಕತ್ತಿನ ಎಡಕ್ಕಿದ್ದ ಸಣ್ಣ ಮಚ್ಚೆಯನ್ನು ಇಷ್ಟು ವರ್ಷ ಪ್ರತಿ ಸಲವೂ ಒರೆಸುತ್ತಿದ್ದೆ, ತೀರಿಕೊಂಡವರಿಗೆ ಇಲ್ಲದ ಮಚ್ಚೆ ಬರಬಾರದೆಂದು. ಅಂದು ಒರೆಸಲು ಹೋದ ಕೈ ನಿಂತಿತು. ಆಗ ನೆನಪಾಯಿತು. ಕಟ್ಟೆಮಳಲವಾಡಿಯವರು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ದಿನ ನಾನು ಮನೆಗೆ ಓಡಿ, "ಒಳ್ಳೆ ಸೀರೆ ಉಟ್ಕೊಂಡು ಬೇಗ ಬಾ, ಫೋಟೊ ತೆಗೀಬೇಕು" ಎಂದಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಅವಳು ಮುಖ ತೊಳೆದು, ಹೂ ಮುಡಿದು, ಮರೂನ್ ಸೀರೆ ಉಟ್ಟು, ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಳು. "ಮುಖ ಬೇಡ, ಕತ್ತಿನಿಂದ ಕೆಳಗೆ ಸಾಕು" ಎಂದೆ. "ಮೊಕಾನೂ ಬರ್ಲಿ ಬುಡಿ, ಅದುಕ್ಕೇನು ಬೇರೆ ಚಾರ್ಜಾ?" ಎಂದಳು. ಆಮೇಲೆ ತೆಗೆಯೋಣ ಎಂದೆ. ಅವಳ ಭುಜ ಅಷ್ಟು ನೆಟ್ಟಗಿದ್ದದ್ದು ಯಾಕೆ ಎಂದು ನನಗೆ ಹೊಳೆದದ್ದು ಇಪ್ಪತ್ತೆರಡು ವರ್ಷದ ನಂತರ.

ತಿಥಿಯ ದಿನ ಫೋಟೊ ಇಟ್ಟೆವು. ಕತ್ತಿನ ಮೇಲೆ ನಲವತ್ತಾರು, ಕೆಳಗೆ ಇಪ್ಪತ್ನಾಲ್ಕು. ರಾವಂದೂರಿನ ಆ ನೆಂಟರ ಮನೆಯ ದೊಡ್ಡಮ್ಮ, ಆ ಅಜ್ಜಿಯ ಸೊಸೆ, ಬಂದು ಹೂ ಹಾಕಿ, ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯೋ, ಇದು ನಮ್ಮತ್ತೆ ಸೀರೆ ಅಲ್ವೇನಪ್ಪ! ಊರಿಗೆಲ್ಲ ಉಡುಸ್ದೋನು ನಿನ್ನೆಂಡ್ರುಗೆ ಒಂದು ವೊಸಾದು ಉಡ್ಸಕ್ಕಾಗ್ನಿಲ್ವಾ?" ಎಂದರು. ಕೂತಿದ್ದ ಹೆಂಗಸರೆಲ್ಲ ಫೋಟೊ ನೋಡಿದರು. ನಾನು ನೆಲ ನೋಡಿದೆ. ಆಗ ರತ್ನ, ಒಲೆಯ ಹತ್ತಿರದಿಂದ ಸೌಟು ಹಿಡಿದೇ ಬಂದವಳು, "ನಿಮ್ಮತ್ತೆ ಸೀರೆ ಅಲ್ಲ ದೊಡ್ಡವ್ವ, ನಿಮ್ಮತ್ತೇನೇ ನಮ್ಮಕ್ಕನ ಮೈ ಮೇಲೆ ಕೂತವ್ರೆ. 'ನಿಮ್ ಭಾವ ನನ್ನ ತಲೆ ತಗ್ದು ಊರೋರ್ದೆಲ್ಲ ಮಡಗವ್ರೆ ಕಣೆ' ಅಂತ ನಮ್ಮಕ್ಕ ಯೋಳ್ಕಂಡು ನಗ್ತಿದ್ಲು" ಎಂದಳು. ದೊಡ್ಡಮ್ಮ ಫೋಟೊದತ್ತ ಇನ್ನೊಮ್ಮೆ ಬಗ್ಗಿ ನೋಡಿ, "ಅಂಗಾರೆ ಇಷ್ಟು ದಿನ ನಾ ದೀಪ ಅಚ್ಚಿದ್ದು ನಿಮ್ಮಕ್ಕುಂಗಾ?" ಎಂದರು. ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅದರಲ್ಲಿ ನಕ್ಕವರು ಎಷ್ಟು, ಅತ್ತವರು ಎಷ್ಟು ಎಂದು ತಲೆಯೆತ್ತಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಅಂಗಡಿ ಮುಚ್ಚಿಲ್ಲ. ಮರೂನ್ ಸೀರೆಯನ್ನು ಈಗ ಯಾರಿಗೂ ಉಡಿಸುವುದಿಲ್ಲ. ನೀಲಿಯದೊಂದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡಿದ್ದೇನೆ, ಯಾರ ಮೈಯೋ ಗೊತ್ತಿಲ್ಲ, ಕೇಳುವವರೂ ಇಲ್ಲ. ಸಲಹೆ ಕೊಡುವುದನ್ನು ಮಾತ್ರ ಕಡಿಮೆ ಮಾಡಿದ್ದೇನೆ. ಮೊನ್ನೆ ಕೋಟೆ ಕಡೆಯ ಒಂದು ಮನೆಗೆ ನಾಮಕರಣದ ಫೋಟೊ ತೆಗೆಯಲು ಹೋಗಿದ್ದೆ. ನಡುಮನೆಯ ಗೋಡೆಯ ಮೇಲೆ ನಾನು ಎಂದೋ ಮಾಡಿಕೊಟ್ಟ ಒಬ್ಬ ತಾಯಿಯ ಫೋಟೊ ಇತ್ತು. ಮರೂನ್ ಸೀರೆ, ಅಂಚು ಹಸಿರು. ಕ್ಯಾಮೆರಾ ಕೆಳಗಿಟ್ಟು, ಚಪ್ಪಲಿ ಬಿಟ್ಟು ಬಂದದ್ದು ಒಳ್ಳೆಯದಾಯಿತು ಎಂದುಕೊಂಡು, ಕೈಮುಗಿದು ನಿಂತೆ. ಎಷ್ಟು ಹೊತ್ತು ನಿಂತೆನೋ, ಹಿಂದೆ ಮನೆಯಾಕೆ ಕಾಫಿ ಲೋಟ ಹಿಡಿದು ಕಾಯುತ್ತಿದ್ದರು, ಅವರ ಕಣ್ಣಲ್ಲಿ ನೀರಿತ್ತು. ಒಳಗಿದ್ದ ಗಂಡನಿಗೆ ಕೂಗಿ ಹೇಳಿದರು: "ಬನ್ರೀ ಇಲ್ಲಿ, ನಮ್ಮವ್ವನ ಮೇಲೆ ಫೋಟೊದೋರ್ಗೆ ಎಷ್ಟು ಭಕ್ತಿ ನೋಡಿ! ಒಳ್ಳೆ ಮನ್ಸ ಕಣ್ರೀ." ಇಲ್ಲ ತಾಯಿ ಎನ್ನಬೇಕೆಂದು ಬಾಯಿ ತೆರೆದೆ. ಕಾಫಿ ಆರುತ್ತದೆ ಎಂದರು. ಕುಡಿದೆ.