ಉಡಿ ತುಂಬಿಸಿಕೊಂಡ ಗ್ರಾಮಾಫೋನು

ಹಳೆಯ ಗ್ರಾಮಾಫೋನು ಹುಡುಕಲು ಹೊರಟವಳಿಗೆ ಹಾಡಿಗಿಂತ ಮೊದಲು ಸುಳ್ಳು ಕೇಳಿಸುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಹೋದ ಊರಲ್ಲೆಲ್ಲ ಇದೇ ಆಯಿತು. ಆಗ ವಿಜಾಪುರದಲ್ಲಿ ನನ್ನದೇ ಹೊಲಿಗೆ ಯಂತ್ರದ ರಿಪೇರಿ ಅಂಗಡಿ. ಸಾಲಿ ಮೆಟ್ಟಿಲು ಹತ್ತಿದವಳಲ್ಲ. ರದ್ದಿ ಕಾಗದ ಓದಿ ಓದಿ ಅಕ್ಷರ ಕಲಿತೆ. ಮೊದಮೊದಲು ಹಾಡನ್ನು ಮೇಣದ ಉರುಳೆಯ ಮೇಲೆ ಕೊರೆಯುತ್ತಿದ್ದರು, ತಟ್ಟೆ ಬಂದದ್ದು ಆಮೇಲೆ ಎಂಬುದೂ ರದ್ದಿಯಿಂದಲೇ ತಿಳಿಯಿತು.

ಚಾವಿ ಕೊಟ್ಟು ಹಾಡಿಸುವ ಆರು ಪೆಟ್ಟಿಗೆ ನನ್ನ ಬಳಿ ಇದ್ದವು. ಒಂದಕ್ಕೆ ಕೊಂಬಿಲ್ಲ, ಒಂದಕ್ಕೆ ಸ್ಪ್ರಿಂಗಿಲ್ಲ. ಕೊಂಬಿನಿಂದ ಚಾವಿಯವರೆಗೆ ಎಲ್ಲವೂ ಮೂಲದ್ದೇ ಆದ ಒಂದಾದರೂ ನನ್ನದಾಗಬೇಕೆಂದು ಹಟ. ಮೋಸ ಹೋಗಬಾರದೆಂದು ಸೆರಗಿನ ತುದಿಗೆ ಅಯಸ್ಕಾಂತ ಕಟ್ಟಿಕೊಂಡೇ ತಿರುಗುತ್ತಿದ್ದೆ. ನಾನು ಹುಡುಕುತ್ತಿದ್ದ ಕೊಂಬು ಹಿತ್ತಾಳೆಯದು; ಹಿತ್ತಾಳೆಗೆ ಅದು ಅಂಟುವುದಿಲ್ಲ.

೧. ವಿಜಾಪುರದ ಕೊಂಬು

ಹಳೇ ಸಾಮಾನಿನ ವ್ಯಾಪಾರಿ ಹೊಳೆಯುವ ಕೊಂಬು ತೋರಿಸಿದ. "ನಮ್ಮ ಮುತ್ಯಾನ ಕಾಲದ ಹಿತ್ತಾಳಿರಿ, ಅಕ್ಕಾರ."

ಅಯಸ್ಕಾಂತ ಹಿಡಿದೆ. ಟಪ್ಪನೆ ಅಂಟಿತು.

"ವಯಸ್ಸಾದ ಹಿತ್ತಾಳಿಗೆ ಅಂಟತೈತ್ರಿ," ಎಂದ, ಕಣ್ಣು ಮಿಟುಕಿಸದೆ.

ಕೊಂಬಿನೊಳಗೆ ಇಣುಕಿದೆ. "ಮುತ್ಯಾನ ಕಾಲದ್ದು ಅಂತೀರಿ, ಒಳಗ 'ಶುದ್ಧ ಶೇಂಗಾ ಎಣ್ಣೆ' ಅಂತ ಬರದೈತಲ್ರಿ?"

ಸಿಕ್ಕಿಬಿದ್ದ ನಾಚಿಕೆ ಅವನ ಮುಖದ ಮೇಲೆ ಎಳ್ಳಷ್ಟೂ ಇರಲಿಲ್ಲ. ಸಿಟ್ಟಿನಿಂದಲೇ ಕೇಳಿದ: "ಓದಾಕ ಬರತೈತಿ ಅಂತ ಮೊದಲ ಹೇಳಬಾರದೇನ್ರಿ?"

೨. ತಿಕೋಟಾದ ಬಂಗಾರ

ತಿಕೋಟಾದಲ್ಲಿ ಹಳೇ ಪೆಟ್ಟಿಗೆಯಿದ್ದ ಇಬ್ಬರು ಅಣ್ಣತಮ್ಮಂದಿರ ಮನೆಗೆ ನನಗಿಂತ ಮೊದಲು ಸುದ್ದಿ ಮುಟ್ಟಿತ್ತು: ಪ್ಯಾಟಿ ಹೆಂಗಸು ಹಳೇ ಪೆಟ್ಟಿಗೆ ಹುಡುಕಿಕೊಂಡು ಬರುತ್ತಾಳೆಂದರೆ ಒಳಗೆ ಬಂಗಾರ ಇರಲೇಬೇಕು. ನಾನು ಹೋದಾಗ ತಮ್ಮನ ಕೈಗೆ ಬಟ್ಟೆ ಸುತ್ತಿತ್ತು. ಬಿಗಿಯಾಗಿ ಸುತ್ತಿದ ಸ್ಪ್ರಿಂಗಿನ ಡಬ್ಬಿಯನ್ನು ಒಡೆದಿದ್ದರು. ಸ್ಪ್ರಿಂಗು ಹಾವಿನಂತೆ ಜಿಗಿದು ಕೈ ಸೀಳಿತ್ತು.

"ಬರೇ ಪೆಟ್ಟಿಗಿ ಒಯ್ರಿ. ಒಳಗಿಂದು ನಮಗಿರಲಿ," ಎಂದ ಅಣ್ಣ.

"ಅದು ಉಕ್ಕರೀ ಯಪ್ಪಾ! ಬೇಕಾದರ ಬಂಗಾರ ಕೆಲಸದ ಪತ್ತಾರಗ ತೋರಸ್ರಿ."

"ತೋರಿಸೇವ್ರಿ. ಅವನೂ ಉಕ್ಕ ಅಂದಾನ."

"ಮತ್ತ?"

ಅಣ್ಣ ದನಿ ತಗ್ಗಿಸಿದ. "ಆ ಪತ್ತಾರನ ಮ್ಯಾಲೂ ನಮಗ ಸಂಶೆ ಐತ್ರಿ."

೩. ಬಬಲೇಶ್ವರದ ಮಗಳು

ಕೊನೆಗೆ ನಾನು ಹುಡುಕುತ್ತಿದ್ದದ್ದು ಬಬಲೇಶ್ವರದ ಒಬ್ಬ ಅಜ್ಜಿಯ ಮನೆಯಲ್ಲಿ ಸಿಕ್ಕಿತು. ಕೊಂಬಿಗೆ ಅಯಸ್ಕಾಂತ ಅಂಟಲಿಲ್ಲ. ಎಲ್ಲವೂ ಮೂಲದ್ದೇ. ದನಿ ಮಾತ್ರ ಸತ್ತಿತ್ತು. ಅದು ನನ್ನ ಕೈಕೆಲಸ.

ಬೆಲೆ ಕೇಳಿದರೆ ಅಜ್ಜಿ ಕೆನ್ನೆಗೆ ಕೈ ಹಚ್ಚಿದಳು. "ಮಗಳನ್ನ ಯಾರರೆ ಮಾರತಾರೇನ ಬೇ? ಸುಮ್ಮನ ಒಯ್ಯಿ. ಪಂಚಮಿಗೆ ತವರಿಗೆ ಕರಕೊಂಡ ಬರಬೇಕು, ನಾ ಕಳಿಸಿದಾಗ ಒಯ್ಯಬೇಕು. ಅಷ್ಟ."

ಪುಕ್ಕಟೆ ಕೊಡುವವರೆಂದರೆ ನನಗೆ ಎರಡು ಪಟ್ಟು ಅನುಮಾನ. ಪೆಟ್ಟಿಗೆ ತಿರುವಿದೆ, ತಳ ನೋಡಿದೆ, ಗೆದ್ದಲು ಹುಡುಕಿದೆ. ಏನೂ ಸಿಗಲಿಲ್ಲ. ದೇವರ ಜಗಲಿ ಮುಟ್ಟಿ ಮಾತು ಕೊಟ್ಟೆ. ಅಜ್ಜಿ ಕೊಂಬಿಗೆ ಅರಿಷಿಣ ಕುಂಕುಮ ಹಚ್ಚಿ, ಅದರ ಬಾಯಿಗೇ ಅಕ್ಕಿ, ಅಡಿಕೆ ಸುರಿದು ಉಡಿ ತುಂಬಿದಳು.

ಆ ಅಕ್ಕಿಯನ್ನು ಕೊಂಬಿನ ಕುತ್ತಿಗೆಯಿಂದ ತೆಗೆಯಲು ಒಂದು ದಿನ ಹಿಡಿಯಿತು. ಸ್ಪ್ರಿಂಗ್ ತೊಳೆದು ಗ್ರೀಸ್ ಹಚ್ಚಿದೆ, ದನಿಯ ತಗಡು ಬದಲಿಸಿದೆ. ಪೆಟ್ಟಿಗೆ ಗಂಟಲು ಬಿಚ್ಚಿ ಹಾಡಿದಾಗ ಓಣಿಯೇ ನೆರೆಯಿತು.

ಪಂಚಮಿಗೆ ತೊಡೆಯ ಮೇಲೆ ಕೂಡಿಸಿಕೊಂಡು ಬಸ್ಸಿನಲ್ಲಿ ಬಬಲೇಶ್ವರಕ್ಕೆ ಒಯ್ದೆ. ಅಜ್ಜಿ ಹಾಡು ಕೇಳಿದಳು, ಕೊಂಬು ಸವರಿದಳು. "ಸೊರಗ್ಯಾಳಲ್ಲ ಬೇ! ಒಂದ ತಿಂಗಳ ಇರಲಿ."

ತಿಂಗಳ ಮೇಲೆ ಹೋದೆ. "ದೀಪಾವಳಿ ಮುಗಿಸಿಕೊಂಡ ಬರತಾಳ." ದೀಪಾವಳಿಯ ಮೇಲೆ ಹೋದೆ. "ಸಂಕ್ರಮಣ ಬಂತಲ್ಲ!"

"ಆಯಿ, ನನ್ನ ಪೆಟ್ಟಿಗಿ ಕೊಡ್ತಿಯೋ ಇಲ್ಲೋ?" ಎಂದು ದನಿ ಏರಿಸಿದೆ. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವೂ ರಿಪೇರಿಯವರೇನ್ರಿ?"

"ಹೌದ್ರಿ. ಯಾಕ?"

"ಹಿಂದ ಸೊಲ್ಲಾಪುರದ ರಿಪೇರಿಯವಗ ಕೊಟ್ಟಿದ್ಲು. ಅದಕ್ಕೂ ಮೊದಲ ಜಮಖಂಡಿಯವಗ. ಪಂಚಮಿಗೆ ಬಂದಾಕಿ ತಿರುಗಿ ಹೋಗಿದ್ದ ನಾ ನೋಡಿಲ್ರಿ."

ಸೆರಗಿನ ಅಯಸ್ಕಾಂತ ಬಿಚ್ಚಿ ಚೀಲಕ್ಕೆ ಹಾಕಿದೆ. ಪೆಟ್ಟಿಗೆಯ ತಳ ನೋಡಿದ್ದೆ, ಅಜ್ಜಿಯ ತಳ ನೋಡಿರಲಿಲ್ಲ.

ಅಜ್ಜಿ ನನ್ನ ಕೈಗೆ ಹೋಳಿಗೆಯ ಗಂಟು ಇಟ್ಟು ಬೆನ್ನು ಸವರಿದಳು. "ಸಿಟ್ಟ ಆಗಬ್ಯಾಡ ಬೇ. ಕೆಟ್ಟ ಕೂಡ್ಲೇ ನಿನ್ನ ಮನಿಗೇ ಕಳಸ್ತೇನಿ."