ವಿಮೆ ವಾಪಸಿನ ಬಡ್ಡಿಯನ್ನು ಊರಿಗೆಲ್ಲ ತೋರಿಸಿದ್ದು

ನಗು ಬರುವಂಥ ಸಂಗತಿಗಳು ನಮ್ಮ ಮನೆಯಲ್ಲಿ ನಡೆಯುವುದು ಸಾಮಾನ್ಯವಾಗಿ ಅಳಬೇಕಾದ ಹೊತ್ತಿನಲ್ಲಿ. ಯಜಮಾನರು ತೀರಿಕೊಂಡ ಮೇಲಂತೂ ಒಂದರ ಹಿಂದೆ ಒಂದು ನಡೆದವು. ನಾನು ಹುಟ್ಟಿದ್ದು ಕೊಳ್ಳೇಗಾಲದ ಕಡೆ. ನರ್ಸ್ ಕೆಲಸ ಸಿಕ್ಕಿ ಗಂಗಾವತಿಗೆ ಬಂದವಳು, ಇಲ್ಲಿನ ಅಕ್ಕಿ ಗಿರಣಿಯ ಗುಮಾಸ್ತರನ್ನು ಮದುವೆಯಾಗಿ ಇಲ್ಲಿಯೇ ಮುದುಕಿಯಾದೆ. ಓಣಿಯವರು ಇಂದಿಗೂ ನನ್ನನ್ನು ‘ಮೈಸೂರ ಕಡಿ ಸಿಸ್ಟರ್ ಅಮ್ಮಾರು’ ಎಂದೇ ಕರೆಯುತ್ತಾರೆ. ಹೊರಗಿನವಳು ಎಂಬ ಸಲಿಗೆಯಿಂದಲೋ ಏನೋ, ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ.

ಧೈರ್ಯದ ಸಹಿ

ನಾವಿಬ್ಬರೂ ಸೇರಿ ಮನೆ ಕಟ್ಟಲು ಬ್ಯಾಂಕಿನಲ್ಲಿ ಸಾಲ ತೆಗೆದೆವು. ನಿವೃತ್ತಿಯಾದವರಿಗೆ ಸಾಲ ಸಿಕ್ಕಿದ್ದು ನನ್ನ ಪಿಂಚಣಿಯ ಬಲದಿಂದ. ಸಾಲಪತ್ರಕ್ಕೆ ಇಬ್ಬರೂ ಸಹಿ ಹಾಕಿದ ದಿನ ಟೈ ಕಟ್ಟಿಕೊಂಡವನೊಬ್ಬ ಬಂದು ಯಜಮಾನರ ಪಕ್ಕದಲ್ಲಿ ಕೂತ.

“ಸರ್, ನಾಳೆ ನಿಮಗೇನರ ಆದ್ರ ಅಮ್ಮಾರ ಮ್ಯಾಲೆ ಸಾಲ ಬೀಳಬಾರ್ದು. ಸಾಲಕ್ಕ ಒಂದು ವಿಮಾ ಮಾಡಿಸಿಬಿಡ್ರಿ. ಪ್ರೀಮಿಯಂ ಕೈಲೆ ಕೊಡೋದು ಬ್ಯಾಡ, ಸಾಲದಾಗ ಸೇರಿಸ್ತೀವಿ.”

ಯಜಮಾನರು ಕನ್ನಡಕ ತೆಗೆದು ಅವನನ್ನು ನೋಡಿದರು. “ಅಂದ್ರ, ನಾ ಸತ್ತಾಗ ಸಾಲ ತೀರ್ಲಿ ಅಂತ ಈಗ ಇನ್ನಷ್ಟು ಸಾಲ ಮಾಡ್ಬೇಕು?”

“ಹೌದ್ರಿ ಸರ್. ಭಾಳ ಮಂದಿ ಮಾಡ್ಯಾರ.”

ಭಾಳ ಮಂದಿ ಮಾಡಿದ್ದಾರೆ ಎಂದರೆ ನಮ್ಮವರು ಸಾಮಾನ್ಯವಾಗಿ ಮಾಡುತ್ತಿರಲಿಲ್ಲ. ಅವತ್ತೇಕೋ ನನ್ನ ಮುಖ ನೋಡಿದರು, ಸಹಿ ಹಾಕಿದರು. ಹೊರಗೆ ಬಂದು ಚಹಾ ಕುಡಿಯುತ್ತಾ ಅಂದರು: “ಇನ್ನ ಯಾವಾಗ ಹೋದ್ರೂ ನಿನಗ ಲುಕ್ಸಾನಿಲ್ಲ ನೋಡು. ಇದ್ರ ಮಾತ್ರ ಖರ್ಚು.”

ಹೋದದ್ದು ತಡವಾಯಿತು

ಅವರು ಹೋದರು. ತಿಂಗಳ ಕಾರ್ಯ ಮುಗಿಸಿ, ಕಾಗದಗಳನ್ನು ಹಿಡಿದುಕೊಂಡು ಬ್ಯಾಂಕಿಗೆ ಹೋದೆ. ವಿಮೆ ಬಂದರೆ ಸಾಲ ತೀರಿ, ಅಡವಿಟ್ಟ ಮನೆಪತ್ರ ಕೈಗೆ ಬರುತ್ತದೆ ಎಂಬ ಭರವಸೆ. ಅದೊಂದು ಪತ್ರ ನನ್ನ ಟ್ರಂಕಿನಲ್ಲಿದ್ದರೆ ಸಾಕಿತ್ತು, ನಿದ್ದೆ ಬರುತ್ತಿತ್ತು.

ಮ್ಯಾನೇಜರು ಕಂಪ್ಯೂಟರಿನಲ್ಲಿ ಬಹಳ ಹೊತ್ತು ನೋಡಿ, “ಅಮ್ಮಾರ, ವಿಮಾ ಐತ್ರಿ. ಆದ್ರ ಯಜಮಾನರು ಅದರೊಳಗ ಬರಂಗಿಲ್ಲ” ಎಂದರು.

“ಅವರ ಹೆಸರಲ್ಲೇ ಮಾಡ್ಸಿದ್ದು ಕಣಪ್ಪ.”

“ಹೆಸರು ಅವರದ ಐತ್ರಿ. ವಯಸ್ಸು ಮೀರಿತ್ತು. ಮಾಡಿಸಿದ ದಿನಾನ ಮೀರಿತ್ತು.”

“ಹಾಗಾದ್ರೆ ಈ ವಿಮೆ ಉಪಯೋಗಕ್ಕೆ ಬರಬೇಕು ಅಂದ್ರೆ ಅವರು ಏನು ಮಾಡಬೇಕಾಗಿತ್ತು?”

ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಸ್ವಲ್ಪ ಯೋಚಿಸಿ, “ವಿಮಾ ಮಾಡಿಸೋಕಿಂತ ನಾಕೈದು ವರ್ಷ ಮೊದಲ ತೀರಿಕೋಬೇಕಿತ್ರಿ” ಎಂದರು.

ಬೆಳೆಗೆ ಆರು

ನಾನು ದೂರು ಬರೆದೆ. ಬಹಳ ದಿನಗಳ ಮೇಲೆ ಬ್ಯಾಂಕಿನ ವಿಮಾ ವಿಭಾಗದಿಂದ ಪತ್ರ ಬಂತು. ವಿಮೆ ಮಾರಿದ್ದು ತಪ್ಪಾಗಿದೆ, ಪ್ರೀಮಿಯಂ ವಾಪಸು ಕೊಡುತ್ತೇವೆ, ಅದಕ್ಕೆ ವರ್ಷಕ್ಕೆ ನೂರಕ್ಕೆ ಆರರಂತೆ ಬಡ್ಡಿಯನ್ನೂ ಕೊಡುತ್ತೇವೆ, ಒಪ್ಪಿದರೆ ಕೆಳಗೆ ಸಹಿ ಹಾಕಿ ಕಳಿಸಿ. ಸಹಿ ಹಾಕಿದರೆ ಮುಂದೆ ತಕರಾರು ಎತ್ತುವಂತಿಲ್ಲ.

ಆ ಪ್ರೀಮಿಯಂಗೆ ನಮ್ಮಿಂದ ಅವರು ಬಡ್ಡಿ ಹಿಡಿದದ್ದು ಇದಕ್ಕಿಂತ ಜಾಸ್ತಿ. ಅದೂ ಸಹಿ ಹಾಕಿದ ದಿನದಿಂದ. ನಮಗೆ ಕೊಡುವಾಗ ನಾನು ದೂರು ಕೊಟ್ಟ ದಿನದಿಂದ. ತೆಗೆದುಕೊಂಡ ದರದಲ್ಲೇ ವಾಪಸು ಕೊಟ್ಟರೆ ಉಳಿದ ಸಾಲ ಪೂರಾ ಮುಗಿದು ಮನೆಪತ್ರ ಬರುತ್ತಿತ್ತು. ಅವರ ಲೆಕ್ಕದಲ್ಲಿ ಬರುತ್ತಿರಲಿಲ್ಲ. ನನಗೆ ಹಾಗೆ ಅನ್ನಿಸಿತು. ಆದರೆ ನಾನು ಜೀವಮಾನವೆಲ್ಲ ಸೂಜಿ ಹಿಡಿದವಳು, ಬಡ್ಡಿ ಹಿಡಿದವಳಲ್ಲ. ತಿಳಿದವರಿಗೆ ತೋರಿಸೋಣವೆಂದು ಪಕ್ಕದ ಮರಳಿ ಗ್ರಾಮದ ಭತ್ತದ ದಲಾಲಿಯ ಬಳಿಗೆ ಹೋದೆ. ಅವನ ನಾಲ್ಕೂ ಮಕ್ಕಳು ನನ್ನ ಕೈಯಲ್ಲಿ ಹುಟ್ಟಿದವು.

“ಆರು ಅಂದ್ರ ಛಲೋ ಐತಲ್ಲ ಅಮ್ಮಾರ,” ಎಂದು ಅವನು ಸಾಲ ತೆಗೆದ ದಿನದಿಂದಲೇ ಬೆರಳು ಮಡಚಿ ಲೆಕ್ಕ ಹಾಕಿದ. ಅದನ್ನು ಸಾಲುಸಾಲಾಗಿ ಚೀಟಿಯಲ್ಲಿ ಬರೆಸಿಕೊಂಡೆ. ಬಂದ ಮೊತ್ತ ಬ್ಯಾಂಕಿನವರು ಬರೆದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ನೆಟ್ಟಗೆ ಬ್ಯಾಂಕಿಗೆ ಹೋಗಿ ಆ ಚೀಟಿಯನ್ನು ಮ್ಯಾನೇಜರ ಮುಂದಿಟ್ಟೆ. ಅವರು ಮೇಲೆ ಕೆಳಗೆ ನೋಡಿ, “ಇದನ್ನ ಹೆಂಗ್ ಹಾಕ್ಯಾರ್ರಿ?” ಎಂದರು. ದಲಾಲಿಗೆ ಫೋನ್ ಮಾಡಿ ಕೊಟ್ಟೆ. ಆಗ ತಿಳಿಯಿತು: ಕಾಲುವೆ ಸೀಮೆಯಲ್ಲಿ ದಲಾಲಿಗಳು ಸಾಲಕ್ಕೆ ಬಡ್ಡಿ ಹಾಕುವುದು ವರ್ಷಕ್ಕಲ್ಲ, ಬೆಳೆಗೆ. ವರ್ಷಕ್ಕೆ ಎರಡು ಬೆಳೆ, ಎರಡು ಸಲ ಬಡ್ಡಿ. ನಮ್ಮ ಆರನ್ನೂ ಅವನು ಬೆಳೆಗೆ ಆರು ಎಂದೇ ಹಿಡಿದಿದ್ದ.

ಮ್ಯಾನೇಜರು ಫೋನಿನಲ್ಲಿ, “ಸಾಹುಕಾರ್ರ, ಒಂದು ಸುಗ್ಗಿ ಬಿಟ್ಟೀರಲ್ಲ, ಅದ್ಯಾಕ್ರಿ?” ಎಂದು ಕೇಳಿದರು. ಅತ್ತಲಿಂದ ದಲಾಲಿಯ ಗಟ್ಟಿ ದನಿ ಎಲ್ಲರಿಗೂ ಕೇಳಿಸಿತು:

“ಆ ವರ್ಷ ಎರಡನೇ ಬೆಳಿಗೆ ಕಾಲುವಿ ನೀರು ಬಿಡಲಿಲ್ರಿ. ಬೆಳಿನ ಇಲ್ದಾಗ ಬ್ಯಾಂಕಿನವ್ರು ಪಾಪ ಬಡ್ಡಿ ಎಲ್ಲಿಂದ ಕೊಡಬೇಕ್ರಿ?”

ಸೀರೆಯ ಲೆಕ್ಕ

ಕುಷ್ಟಗಿಯಲ್ಲಿರುವ ನಾದಿನಿಗೆ ಸುದ್ದಿ ಹೇಗೋ ಮುಟ್ಟಿತು. ಬಸ್ ಹತ್ತಿ ಬಂದಳು. ಅಣ್ಣನ ಫೋಟೋದ ಮುಂದೆ ಸ್ವಲ್ಪ ಅತ್ತಳು. ಮೂಗು ಒರೆಸಿಕೊಂಡು, “ವೈನಿ, ಅಸಲು ನಿಂದು. ಅದರಾಗ ನಾ ಬಾಯಿ ಹಾಕಂಗಿಲ್ಲ. ಬಡ್ಡಿ ಮಾತ್ರ ಅಣ್ಣನ ಹೆಸರಿಲೆ ಬಂದದ್ದು. ತವರಮನಿದು ಅಂತ ನನಗೊಂದು ಇಳಕಲ್ ಸೀರಿ ತರಬೇಕು” ಎಂದಳು.

ಬಡ್ಡಿ ಎಷ್ಟು ಎಂದು ಹೇಳಿದೆ. ಅವಳ ಅಳು ಅಲ್ಲಿಗೇ ನಿಂತಿತು.

“ಇಷ್ಟ? ಇದರಾಗ ರೇಷ್ಮಿ ಸೆರಗಿಂದು ಬರಂಗಿಲ್ಲ. ನೂಲಿಂದು ಬಂದ್ರೂ ಕುಪ್ಪಸದ ಖಣಕ್ಕ ಕೈಲೆ ಹಾಕಬೇಕು.”

“ಆರು ಪರ್ಸೆಂಟು ಕಣಮ್ಮ.”

“ಪರ್ಸೆಂಟು ಯಾರು ಉಡ್ತಾರ ವೈನಿ? ಬಡ್ಡಿ ಖರೇ ಐತೋ ಸುಳ್ಳೋ ನೋಡಾಕ ಸೀರಿ ಅಂಗಡಿಗೆ ಹೋಗ್ಬೇಕು. ನನ್ನ ಅಣ್ಣ ಏನು ಇಷ್ಟು ಅಗ್ಗದವನಾಗಿದ್ದನ?”

ಮತ್ತೆ ಫೋಟೋದ ಕಡೆ ತಿರುಗಿ ಅಳಲು ಶುರು ಮಾಡಿದಳು. ಈ ಸಲದ ಅಳು ನಿಜವಾದದ್ದು.

ಅಂಗೈ ಅಡ್ಡ

ನಮ್ಮ ಓಣಿಯ ತುದಿಯಲ್ಲಿ ಯಜಮಾನರ ಗೆಳೆಯರ ಕಬ್ಬಿಣದ ಸಾಮಾನಿನ ಅಂಗಡಿ. ಹಿರಿಯರು, ಹಜ್ ಮಾಡಿ ಬಂದವರು. ದಿನಾ ಸಂಜೆ ನಮ್ಮವರು ಅಲ್ಲಿಯೇ ಕೂರುತ್ತಿದ್ದರು. ಅವರು ಕೂರುತ್ತಿದ್ದ ಸ್ಟೂಲಿನ ಮೇಲೆ ಈಗಲೂ ಯಾರೂ ಸಾಮಾನು ಇಡುವುದಿಲ್ಲ. ನಾನೂ ಅದರ ಮೇಲೆ ಕೂರದೆ ನಿಂತೇ ಪತ್ರ ಕೊಟ್ಟೆ.

“ಭಾಯಿ, ಬಡ್ಡಿ ಸರಿಯಾಗಿದೆಯೋ ಇಲ್ಲವೋ ನೋಡಿ ಕೊಡಿ.”

“ತೌಬಾ. ಬಡ್ಡಿ ತಗೊಳ್ಳೋದು, ಕೊಡೋದು, ಬರಿಯೋದು ಯಾವ್ದೂ ನಮಗ ಆಗಂಗಿಲ್ರಿ ಅಮ್ಮಾರ.” ಹಾಗೆಂದವರು ಪತ್ರವನ್ನು ವಾಪಸು ಕೊಡಲಿಲ್ಲ. ಗೆಳೆಯನ ಕೆಲಸ. ಬಡ್ಡಿ ಇದ್ದ ಸಾಲಿನ ಮೇಲೆ ಎಡ ಅಂಗೈ ಅಡ್ಡ ಇಟ್ಟು, ಉಳಿದದ್ದನ್ನು ಓದಿದರು. ಪ್ರೀಮಿಯಂ ಕಟ್ಟಿದ ರಸೀದಿಯ ಪಕ್ಕ ಇಟ್ಟು ನೋಡಿದರು.

“ಅಮ್ಮಾರ, ಅಸಲೇ ಕಮ್ಮಿ ಐತಿ. ತೆರಿಗಿ ಅಂತ ಹಿಡಿದಿದ್ದನ್ನ ಕೊಟ್ಟಿಲ್ಲ.”

ಬಡ್ಡಿಯ ಹಿಂದೆ ಓಡುತ್ತಿದ್ದ ನಾವ್ಯಾರೂ ಅಸಲನ್ನು ನೋಡಿಯೇ ಇರಲಿಲ್ಲ. ನನಗೆ ಆಸೆ ಹೆಚ್ಚಾಯಿತು. “ಭಾಯಿ, ಅಂಗೈಯನ್ನೂ ಒಂದು ಚೂರು ತೆಗೆದು ನೋಡಿಬಿಡಿ. ಸರಿಯಾದ ಬಡ್ಡಿ ಎಷ್ಟು ಅಂತ ಗೊತ್ತಾದರೆ ಸಾಕು.”

ಅವರು ಬಹಳ ವಿಚಾರ ಮಾಡಿದರು. ಗೆಳೆಯನ ಸ್ಟೂಲಿನ ಕಡೆಗೂ ಒಮ್ಮೆ ನೋಡಿದರು.

“ಸರಿಯಾದ ಬಡ್ಡಿ ಅಂತ ಒಂದು ಐತಿ ಅಂತ ನಮಗ ಯಾರೂ ಹೇಳಿಲ್ರಿ. ಇದನ್ನ ಯಾವ್ದರ ಜೋಡಿ ಹಚ್ಚಿ ನೋಡ್ಲಿ?”

ಒಪ್ಪಿಗೆ

ಕೊನೆಗೆ ಎಲ್ಲವನ್ನೂ ನನ್ನ ಕೈಯಾರೆ ಬರೆದೆ. ತೆರಿಗೆ ಸೇರಿಸಿ ಪೂರ್ತಿ ಅಸಲು, ನಮ್ಮಿಂದ ಹಿಡಿದ ದರದಲ್ಲೇ ಬಡ್ಡಿ, ಅದೂ ಹಿಡಿದ ದಿನದಿಂದಲೇ. ಸಹಿ ಹಾಕದ ಒಪ್ಪಿಗೆ ಪತ್ರವನ್ನೂ ಚೀಲದಲ್ಲಿಟ್ಟುಕೊಂಡು ಕೊಪ್ಪಳದ ಬಸ್ಸು ಹತ್ತಿದೆ. ವಿಮಾ ವಿಭಾಗ ಇರುವುದು ಅಲ್ಲಿಯ ದೊಡ್ಡ ಕಚೇರಿಯಲ್ಲಿ.

ಅಲ್ಲಿ ಒಬ್ಬ ಸಾಹೇಬರು ನನ್ನ ಹಾಳೆಯನ್ನು ಪೂರ್ತಿ ಓದಿದರು. ಎರಡು ಸಲ ತಲೆಯಾಡಿಸಿದರು. “ಅಮ್ಮಾರ, ನಿಮ್ಮ ಲೆಕ್ಕ ಬರೋಬ್ಬರಿ ಐತಿ. ಹಿಂಗ ಕೊಡಬೇಕಿತ್ತು” ಎಂದರು. ನನಗೆ ಕಣ್ಣು ತುಂಬಿ ಬಂತು. ನೀರು ತರಿಸಿಕೊಟ್ಟರು. ಆಮೇಲೆ ಕಂಪ್ಯೂಟರ್ ನೋಡಿದರು.

“ಆದ್ರ ಈ ಫೈಲ್ ಮುಗದೈತಲ್ರಿ. ಆರಕ್ಕ ಒಪ್ಪಿಗಿ ಬಂದೈತಿ.”

“ನಾನು ಸಹಿನೇ ಹಾಕಿಲ್ಲ ಕಣಪ್ಪ. ನೋಡಿ, ಪತ್ರ ಇಲ್ಲೇ ಇದೆ.”

“ನಿಮ್ಮ ಸಹಿ ನಾವು ಕೇಳಿದ್ದು ಬರೇ ಪದ್ಧತಿಗಷ್ಟ ರೀ. ಸಾಲದ ವಿಮಾದಾಗ ಹಣ ಸೇರೋದು ಸಾಲ ಕೊಟ್ಟವರಿಗೆ. ಹಂಗಾಗಿ ಅವರಿಗೂ ಪತ್ರ ಹೋಗಿತ್ತು. ‘ನಮ್ಮಿಂದ ತಪ್ಪಾಗಿದೆ, ಇಷ್ಟು ಬಡ್ಡಿ ಕೊಟ್ಟರೆ ನಿಮಗೆ ಸಮಾಧಾನವೇ’ ಅಂತ. ಅವರು ಸಮಾಧಾನ ಐತಿ ಅಂತ ಬರದಾರ. ಬಂದ ದಿನಾನ ಬರದಾರ.”

“ಅವರು ಅಂದ್ರೆ ಯಾರು?”

ಸಾಹೇಬರು ಪೆನ್ನು ಕೆಳಗಿಟ್ಟರು.

“ನಾವ.”

ನಾನು ಪತ್ರವನ್ನು ಮಡಚಿ ಚೀಲಕ್ಕೆ ಹಾಕಿದೆ. ತಪ್ಪು ಮಾಡಿದ್ದು ಬ್ಯಾಂಕು, ಬೇಜಾರಾದದ್ದು ಬ್ಯಾಂಕಿಗೆ, ಕ್ಷಮಿಸಿದ್ದೂ ಬ್ಯಾಂಕು. ಇದರಲ್ಲಿ ನನಗೆ ಎಲ್ಲಿಯೂ ಜಾಗವಿರಲಿಲ್ಲ.

“ಹಾಗಾದ್ರೆ ಮನೆಪತ್ರ?”

“ಇನ್ನ ಸ್ವಲ್ಪ ಸಾಲ ಉಳಿದೈತಲ್ರಿ. ಅದು ತೀರಿದ ಕೂಡ್ಲೇ.”

“ಆ ಉಳಿದ ಸಾಲವನ್ನೂ ನೀವೇ ನಿಮ್ಮಲ್ಲಿ ಮಾತಾಡಿಕೊಂಡು ತೀರಿಸಿಕೊಳ್ಳೋಕೆ ಆಗಲ್ವಾ?”

ಅವರು ನಗಲಿಲ್ಲ. ನನ್ನ ಕೈಯನ್ನು ಮೆತ್ತಗೆ ಹಿಡಿದು, ಸ್ವಂತ ತಾಯಿಗೆ ಹೇಳುವಂತೆ ಹೇಳಿದರು:

“ಅದಕ್ಕ ಮಾತ್ರ ನಿಮ್ಮ ಸಹಿ ಐತ್ರಿ ಅಮ್ಮಾರ.”